ಬಿಳಿಚೋಡಿನ ಕುರಿಗಳಿಗೆ ನಾನು ಮಾಡಿದ ಆಡಿಟ್

ಲೆಕ್ಕಪರಿಶೋಧನೆ ಬಹಳ ಸುಲಭದ ವಿದ್ಯೆ. ಇನ್ನೊಬ್ಬರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಬೇಕು, ಅಷ್ಟೇ. ಮದುವೆಯಾಗಿ ನಾಲ್ಕಾರು ವರ್ಷ ಕಳೆದಿದ್ದ ನನಗೆ ಈ ವಿದ್ಯೆ ಪುಸ್ತಕ ತೆರೆಯುವ ಮೊದಲೇ ಕರಗತವಾಗಿತ್ತು. ಹಾಗಾಗಿ ಅಂಚೆ ಮೂಲಕ ಎಂ.ಕಾಂ. ಓದಲು ಹೆಸರು ನೋಂದಾಯಿಸಿದಾಗ ಉಳಿದೆಲ್ಲ ವಿಷಯಗಳಿಗೆ ಹೆದರಿದೆ, ಆಡಿಟಿಂಗ್‌ಗೆ ಮಾತ್ರ ಹೆದರಲಿಲ್ಲ. ಹೆದರಬೇಕಾಗಿತ್ತು!

ಇದು ಎಂಬತ್ತರ ದಶಕದ ಆರಂಭದ ಮಾತು. ನಾನು ದಾವಣಗೆರೆಯ ಹುಡುಗಿ. ಅಪ್ಪ ಬಟ್ಟೆ ಗಿರಣಿಯಲ್ಲಿ ಗುಮಾಸ್ತರು. ಬಿ.ಕಾಂ. ಮುಗಿಸಿ ಜಗಳೂರಿಗೆ ಸೊಸೆಯಾಗಿ ಬಂದೆ. ಒಂದು ಸಹಕಾರ ಸಂಘದಲ್ಲಿ ಕೆಲಸವೂ ಸಿಕ್ಕಿತು. ಗಂಡ ಪ್ರೈಮರಿ ಶಾಲೆಯ ಮೇಷ್ಟ್ರು. ಊರೆಲ್ಲ ಅವರನ್ನು ಮೇಷ್ಟ್ರು ಎಂದು ಕರೆಯುವಾಗ ನಾನೊಬ್ಬಳು ಬೇರೆ ಹೆಸರು ಹುಡುಕುವುದು ಯಾಕೆಂದು ನಾನೂ ಮೇಷ್ಟ್ರು ಎಂದೇ ಅನ್ನುತ್ತಿದ್ದೆ. ಎಂ.ಕಾಂ. ಮಾಡುತ್ತೇನೆ ಎಂದಾಗ ಸಂಘದಲ್ಲಿ ಒಬ್ಬರು, "ಮನೆ ಲೆಕ್ಕ ಸಾಲ್ದೇನಮ್ಮ ನಿಮಗೆ?" ಎಂದು ನಕ್ಕರು. ನಕ್ಕದ್ದೇ ತಪ್ಪಾಯಿತು. ನನಗೆ ಹಠ ಬಂತು.

ನನ್ನ ಹಠದ ಬಗ್ಗೆ ನಮ್ಮತ್ತೆ ಹೇಳುತ್ತಿದ್ದ ಮಾತೊಂದಿದೆ: "ಇವಳು ಹಠ ಹಿಡಿದ್ರೆ ಬಾವಿಗೆ ಬಿದ್ದ ಕೊಡ ತಾನೇ ಹತ್ತಿ ಮ್ಯಾಲೆ ಬರ್ತೈತೆ." ಹಾಗೆಂದು ಅವರು ಓದಿಗೆ ಅಡ್ಡ ಬಂದವರಲ್ಲ. ನಾನು ಪುಸ್ತಕ ಹಿಡಿದು ಕುಳಿತಾಗ ನನ್ನ ಪುಟ್ಟ ಮಗಳನ್ನು ಸೊಂಟದ ಮೇಲೆ ಹೊತ್ತು ಓಣಿಯೆಲ್ಲ ತಿರುಗಿಸಿ ಬರುತ್ತಿದ್ದವರು ಅವರೇ. ಆದರೆ ಕೊನೆಯ ವರ್ಷ ಶುರುವಾದಾಗ ಒಂದು ಷರತ್ತು ಹಾಕಿದರು. "ನೋಡವ್ವಾ, ನನ್ನ ಸೊಂಟಕ್ಕೂ ವಯಸ್ಸಾಗೈತೆ. ಈ ವರ್ಷ ಪಾಸಾಗು. ಇಲ್ಲಾಂದ್ರೆ ಪುಸ್ತಕ ಅಟ್ಟಕ್ಕೆ ಹಾಕು, ನಿನ್ನ ಮಗಳನ್ನ ನೀನೇ ಎತ್ಕ."

ಆ ಷರತ್ತಿಗೆ ನಾನು ನಕ್ಕೆ. ಅಷ್ಟರಲ್ಲಿ ದಾವಣಗೆರೆಯ ಸಂಪರ್ಕ ತರಗತಿಯಲ್ಲಿ ನಮ್ಮ ಆಡಿಟಿಂಗ್ ಪ್ರೊಫೆಸರು ಬಾಂಬು ಹಾಕಿದರು.

"ಪುಸ್ತಕ ಓದಿ ಯಾರೂ ಆಡಿಟರ್ ಆಗುವುದಿಲ್ಲ. ನೀವೆಲ್ಲ ಒಂದೊಂದು ನಿಜವಾದ ವ್ಯಾಪಾರಕ್ಕೆ ಹೋಗಿ, ಕಣ್ಣಾರೆ ದಾಸ್ತಾನು ಪರಿಶೀಲಿಸಿ, ಮಾಲೀಕರ ಸಹಿ ಹಾಕಿಸಿಕೊಂಡು ವರದಿ ತರಬೇಕು. ವರದಿಗೆ ನನ್ನ ಸಹಿ ಬೀಳದಿದ್ದರೆ ಹಾಲ್ ಟಿಕೆಟ್ ಇಲ್ಲ."

ಇದೇನು ಮಹಾ? ಜಗಳೂರಿನಲ್ಲಿ ಅಂಗಡಿಗೆ ಬರವೇ? ಮರುದಿನವೇ ಒಂದು ಬಟ್ಟೆ ಅಂಗಡಿ ಹೊಕ್ಕು, "ನಿಮ್ಮ ದಾಸ್ತಾನು ಎಣಿಸಬೇಕಾಗಿತ್ತು" ಎಂದೆ. ಸಾಹುಕಾರರ ಮುಖ ಬಿಳಿಚಿಕೊಂಡಿತು.

"ಸೇಲ್ಸ್ ಟ್ಯಾಕ್ಸ್‌ನೋರೇನಮ್ಮಾ?"

"ಅಲ್ಲ ಸಾಹುಕಾರ್ರೇ, ನಾನು ಎಂ.ಕಾಂ. ವಿದ್ಯಾರ್ಥಿನಿ."

"ಓಹೋ, ಈಗ ಹಂಗೆ ಹೇಳ್ಕಂಡು ಬರಾಕೆ ಶುರು ಮಾಡ್ಯಾರಾ?"

ಕಿರಾಣಿ ಅಂಗಡಿಯವರು ನಾನು ಬರುವುದನ್ನು ಕಂಡೇ ಬಾಗಿಲು ಎಳೆದುಕೊಂಡರು. ಶೇಂಗಾ ಎಣ್ಣೆ ಮಿಲ್ಲಿನವರು ಮಾತ್ರ ಸಜ್ಜನರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ಚಹಾ ಕುಡಿಸಿ, ಕೈಮುಗಿದು ಹೇಳಿದರು: "ಗೋಡೌನ್ ಕೀಲಿ ನಮ್ಮಣ್ಣನ ಹತ್ರ ಐತೆ ಅಮ್ಮಾರೆ. ಅಣ್ಣ ಕಾಶಿಗೆ ಹೋಗ್ಯಾನೆ." ಅದೇ ಸಂಜೆ ಅವರ ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಎಲೆ-ಅಡಿಕೆ ಕೊಳ್ಳುತ್ತಿದ್ದರು. ಕಾಶಿಯಿಂದ ಬೇಗ ಬಂದಿದ್ದರು ಪಾಪ!

ಹೀಗೆ ನನ್ನಿಂದಾಗಿ ಪೇಟೆಯ ವ್ಯಾಪಾರವೇ ಅರ್ಧ ನಿಂತಾಗ ಮೇಷ್ಟ್ರು ಒಂದು ದಾರಿ ತೋರಿಸಿದರು.

"ಬಿಳಿಚೋಡಿನ ಸಿದ್ದಪ್ಪ ಮಾವನ ಕುರಿ ಅದಾವಲ್ಲ. ಅದೂ ದಾಸ್ತಾನೇ ಅಲ್ಲೇನು?"

ಸಿದ್ದಪ್ಪ ಮಾವ ಎಂದರೆ ಮೇಷ್ಟ್ರ ಸೋದರಮಾವ, ನಮ್ಮತ್ತೆಯ ತಮ್ಮ. ಜಗಳೂರಿಗೆ ಹತ್ತಿರದ ಬಿಳಿಚೋಡು ಎಂಬ ಹಳ್ಳಿಯಲ್ಲಿ ಕುರಿ ಸಾಕುವುದೇ ಅವರ ಬದುಕು. ನಾನು ಕೂಡಲೇ ಪುಸ್ತಕ ತೆರೆದೆ. ಜಾನುವಾರು ದಾಸ್ತಾನಿಗೆ ಒಂದು ಇಡೀ ಪ್ಯಾರಾ ಇತ್ತು! ಶಾಸ್ತ್ರಾಧಾರ ಸಿಕ್ಕಮೇಲೆ ತಡವೇಕೆ? ಆ ಭಾನುವಾರ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಒಂದು ಬಾಟಲಿ ಕೆಂಪು ಇಂಕು, ಒಂದು ಫೈಲು, ಒಬ್ಬ ಗಂಡ, ಇಷ್ಟು ಸಾಮಗ್ರಿಯೊಂದಿಗೆ ಬೆಳಗಿನ ಬಸ್ಸು ಹತ್ತಿದೆ.

ಮಾವ ಅಂಗಳದಲ್ಲೇ ಇದ್ದರು. ಅವರ ಹೆಂಡತಿ ಕೆಂಚಮ್ಮತ್ತೆ ನೀರು ಕೊಟ್ಟು, ಓದಿದ ಸೊಸೆ ಬಂದಳೆಂದು ರೊಟ್ಟಿ ಬಡಿಯಲು ಒಳಗೆ ಹೋದರು. ನಾನು ಫೈಲು ಬಿಚ್ಚಿ ಗಂಭೀರವಾಗಿ ಮೊದಲ ಪ್ರಶ್ನೆ ಕೇಳಿದೆ.

"ಮಾವಾ, ಒಟ್ಟು ಎಷ್ಟು ಕುರಿ ಅದಾವೆ?"

ಮಾವ ಬೆಚ್ಚಿಬಿದ್ದರು. "ಶಿವಶಿವಾ! ಹಂಗೆ ಕೇಳಬಾರದು ಕಣವ್ವಾ."

"ಯಾಕೆ ಮಾವ?"

"ಎಣಿಸಿದ್ರೆ ಏಳ್ಗೆ ಆಗಲ್ಲ. ನಮ್ಮಪ್ಪ ಎಣಿಸಿದೋನಲ್ಲ, ನಾನೂ ಎಣಿಸಿದೋನಲ್ಲ."

"ಮತ್ತೆ ಒಂದು ಕುರಿ ಕಳೆದ್ರೆ ಹೆಂಗೆ ಗೊತ್ತಾಗ್ತೈತೆ?"

"ನಿಮ್ಮನ್ಯಾಗೆ ಊಟಕ್ಕೆ ಕುಂತಾಗ ಒಬ್ರು ಬರಲಿಲ್ಲ ಅಂದ್ರೆ ಎಣಿಸಿ ನೋಡ್ತೀಯೇನು? ಮುಖ ಕಾಣಲ್ಲ, ಅಷ್ಟೇಯ."

ಮುಖ ನೋಡಿ ದಾಸ್ತಾನು ದೃಢೀಕರಿಸುವ ಪದ್ಧತಿ ನಮ್ಮ ಪಠ್ಯದಲ್ಲಿರಲಿಲ್ಲ. ಆದರೆ ಹಾಲ್ ಟಿಕೆಟ್ ಬೇಕಲ್ಲ! ನಾನು ಮಾವನ ಕಾಲು ಮುಟ್ಟಿ, "ಆಣೆಗೂ ಎಣಿಸಲ್ಲ ಮಾವ, ಸುಮ್ನೆ ನೋಡಿ ಹೋಗ್ತೀನಿ" ಎಂದೆ. ಮಾವನಿಗೆ ಸಮಾಧಾನವಾಯಿತು. ಊರಿನಲ್ಲಿ ಯಾವುದೋ ಬದುವಿನ ಜಗಳದ ಪಂಚಾಯ್ತಿ ಇತ್ತು. "ನೋಡಿ ಆದಮ್ಯಾಲೆ ಹೇಳು, ಮೇಯಾಕೆ ಬಿಡಾನ" ಎಂದು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಟರು.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಪರಿಶೀಲಿಸಿದ ಪ್ರತಿಯೊಂದಕ್ಕೂ ಆಡಿಟರ್ ಒಂದು ಟಿಕ್ ಗುರುತು ಹಾಕಬೇಕು, ಇದು ನಿಯಮ. ಕುರಿ ಎಣಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಸರಿ. ಟಿಕ್ಕು ಎಣಿಸುವುದಿಲ್ಲ ಎಂದು ಕೊಟ್ಟಿದ್ದೇನೆಯೇ? ಇಲ್ಲ! ಇಂಥ ಬುದ್ಧಿ ನನಗೆ ಹೊಳೆಯಿತಲ್ಲ ಎಂದು ನನಗೇ ಹೆಮ್ಮೆಯಾಯಿತು.

ಸೀರೆ ಎತ್ತಿಕಟ್ಟಿ ಕುರಿಯ ರೊಪ್ಪದೊಳಗೆ ಇಳಿದೆವು. ರೊಪ್ಪ ಎಂದರೆ ಮುಳ್ಳಿನ ಬೇಲಿ ಕಟ್ಟಿದ ದೊಡ್ಡಿ. ಮೇಷ್ಟ್ರು ಹಿಡಿಯಬೇಕು, ನಾನು ಟಿಕ್ ಹಾಕಬೇಕು. ಮೊದಲ ಕುರಿಗೆ ಕೆಂಪು ಇಂಕಿನಿಂದ ಚೆಂದದ ಟಿಕ್ ಹಾಕಿದೆ. ಕಪ್ಪು ಉಣ್ಣೆ ಅದನ್ನು ಕುಡಿದು ಸುಮ್ಮನಾಯಿತು. ಇನ್ನೊಂದಕ್ಕೆ ಹಾಕಿದೆ. ಅದೂ ಕುಡಿಯಿತು. ಬಾಟಲಿ ಖಾಲಿಯಾಯಿತು, ಒಂದು ಗುರುತೂ ಕಾಣಲಿಲ್ಲ. ಅಲ್ಲಿಗೇ ಮನೆಗೆ ಹೋಗಿದ್ದರೆ ನಾನು ಇಂದು ಈ ಕಥೆ ಬರೆಯಬೇಕಾಗಿರಲಿಲ್ಲ. ಆದರೆ ಹಠ ಎನ್ನುವುದೊಂದಿತ್ತಲ್ಲ! ಸುತ್ತ ನೋಡಿದೆ. ಗಾಡಿಯ ಕೆಳಗೆ ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ಇತ್ತು.

"ಏ, ಆ ಬಣ್ಣ..." ಎಂದು ಮೇಷ್ಟ್ರು ಬಾಯಿ ತೆರೆದರು.

"ರೀ, ಆಡಿಟ್ ನಡೆಯುವಾಗ ಯಾರೂ ಮಾತಾಡಬಾರದು!"

ಮೇಷ್ಟ್ರು ಬಾಯಿ ಮುಚ್ಚಿದರು. ಮಾತು ಕೇಳುವ ಗಂಡ ಸಿಕ್ಕರೆ ಎಂಥ ಅನಾಹುತವಾಗುತ್ತದೆ ಎಂದು ನನಗೆ ಆಮೇಲೆ ತಿಳಿಯಿತು.

ಕೊಂಬಿನ ಬಣ್ಣ ಅದ್ಭುತವಾಗಿ ಹಿಡಿಯಿತು. ಕಪ್ಪು ಬೆನ್ನಿನ ಮೇಲೆ ಕೆಂಪು ಟಿಕ್! ಆದರೆ ಕುರಿಗಳಿಗೆ ಸರದಿ ಎಂಬುದು ತಿಳಿಯದು. ಒಂದು ಓಡಿದರೆ ಎಲ್ಲವೂ ಓಡುತ್ತವೆ, ಒಂದು ನಿಂತರೆ ಎಲ್ಲವೂ ನಮ್ಮ ಮೇಲೇ ನಿಲ್ಲುತ್ತವೆ. ಟಿಕ್ ಬಿದ್ದದ್ದೇ ಮತ್ತೆ ಬಂದು ಇನ್ನೊಂದು ಹಾಕಿಸಿಕೊಂಡಿತು. ಅದನ್ನು 'ಮರುಪರಿಶೀಲಿತ' ಎಂದು ಬರೆದುಕೊಂಡೆ. ಒಂದು ಟಿಕ್ ಮೇಷ್ಟ್ರ ಬಿಳಿ ಅಂಗಿಯ ಬೆನ್ನಿಗೆ ಬಿತ್ತು. ಅವರನ್ನೂ ದಾಸ್ತಾನಿಗೆ ಸೇರಿಸಬೇಕೇ ಎಂದು ಯೋಚಿಸುತ್ತಿರುವಾಗಲೇ ಒಂದು ಟಗರು ಹಿಂದಿನಿಂದ ಬಂದು ನನಗೆ ಗುಮ್ಮಿತು. ನಾನು ಹಿಕ್ಕೆಯ ಮೇಲೆ ಸಾಷ್ಟಾಂಗ ಬಿದ್ದೆ. ಎದ್ದು, ಮುಖ ಒರೆಸಿಕೊಂಡು, ಆ ಟಗರಿಗೆ ಎಲ್ಲಕ್ಕಿಂತ ದೊಡ್ಡ ಟಿಕ್ ಹಾಕಿದೆ. ಬಿಡುತ್ತೇನೆಯೇ?

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಟಿಕ್ ಇಲ್ಲದ ಕುರಿಯೇ ಇರಲಿಲ್ಲ. ಎಷ್ಟು ಟಿಕ್ ಎಂಬುದು ಮಾತ್ರ ಬ್ರಹ್ಮನಿಗೂ ತಿಳಿಯದು. ಆಗ ಸಿದ್ದಪ್ಪ ಮಾವ ಪಂಚಾಯ್ತಿ ಮುಗಿಸಿ ಬಂದರು. ರೊಪ್ಪದ ಬಾಗಿಲಲ್ಲಿ ನಿಂತು ನೋಡಿದರು. ನೋಡಿ, ಅಲ್ಲೇ ನೆಲದ ಮೇಲೆ ಕುಳಿತರು.

"ಯಾರಿಗೆ ಮಾರಿದ್ಯವ್ವಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಮೇಷ್ಟ್ರು ನೆಲ ನೋಡುತ್ತಾ ಬಿಡಿಸಿ ಹೇಳಿದರು. ನಮ್ಮ ಕಡೆ ಕುರಿ ವ್ಯಾಪಾರದಲ್ಲಿ ಕಾಗದ ಪತ್ರ ಯಾವುದೂ ಇಲ್ಲ. ವ್ಯಾಪಾರಿ ಮಾತು ಮುಗಿಸಿ ಕುರಿಯ ಬೆನ್ನಿಗೆ ಕೆಂಪು ಬಣ್ಣ ಎಳೆದರೆ ತೀರಿತು, ಅದು ಮಾರಿದ ಕುರಿ. ಆಮೇಲೆ ಬೇರೆ ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಮಾವನ ಇಡೀ ಮಂದೆಯನ್ನು, ಹೇಳದೆ ಕೇಳದೆ, ಒಂದು ಬೆಳಿಗ್ಗೆಯಲ್ಲಿ ಮಾರಿಬಿಟ್ಟಿದ್ದೆ!

"ನಿಮಗೆ ಗೊತ್ತಿತ್ತೇನ್ರೀ?"

"ಗೊತ್ತಿತ್ತು. ಹೇಳಾಕೆ ಬಾಯಿ ತೆಗೆದೆ. ನೀನೇ ಆಡಿಟ್ ನಡೆಯುವಾಗ ಮಾತಾಡಬಾರದು ಅಂದೆ."

ಸುದ್ದಿಗೆ ಕಾಲಿರಲಿಲ್ಲ, ರೆಕ್ಕೆಯೇ ಇತ್ತು. ರೊಟ್ಟಿ ತಣ್ಣಗಾಗುವ ಮೊದಲೇ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದರು. "ಎಲ್ಲಾ ಮಾರಿದ್ರಂತಲ್ಲಾ ಕೆಂಚಮ್ಮಾ! ಊರು ಬಿಡ್ತೀರೇನು? ಅಂಥ ಕಷ್ಟ ಏನು ಬಂತು?" ಕೆಂಚಮ್ಮತ್ತೆಗೆ ಮೊದಲು ನಗು ಬಂತು. ಎಲ್ಲರೂ ಅಳುವುದನ್ನು ಕಂಡು ಆಮೇಲೆ ಅವರಿಗೂ ಅಳು ಬಂತು. ಇದರ ನಡುವೆ ಕುರಿ ವ್ಯಾಪಾರಿ ಬುಡೇನ್ ಸಾಬರು ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತಾ ಬಂದರು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕುರಿಗೆ ಆ ಕೆಂಪು ಗುರುತು ಎಳೆಯುವ ವ್ಯಾಪಾರಿ ಅವರೇ.

"ಸಿದ್ದಪ್ಪಣ್ಣಾ, ನಾನು ನಿನ್ನ ಮಂದೆ ಯಾವಾಗ ಕೊಂಡೆ? ದಾರಿಯಾಗೆ ನಾಲ್ಕು ಜನ ಕೇಳಿದ್ರು, ಕದ್ದುಮುಚ್ಚಿ ಎಲ್ಲಾ ಹೊಡ್ಕಂಡ್ಯಲ್ಲ ಸಾಬಣ್ಣ ಅಂತ!"

ಮಾವ ನನ್ನ ಕಡೆ ಕೈ ತೋರಿಸಿದರು. ನಾನು ಎಂ.ಕಾಂ., ಆಡಿಟಿಂಗ್, ಹಾಲ್ ಟಿಕೆಟ್ ಎಂದು ಎಲ್ಲವನ್ನೂ ವಿವರಿಸಿದೆ. ಸಾಬರು ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ನಗು ತಡೆದುಕೊಂಡರು.

"ನೋಡ್ರಿ ಅಮ್ಮಾ, ನಾನು ಕೊಂಡಿಲ್ಲ ಅಂತ ಖುದಾ ಮುಂದೆ ಹೇಳ್ತೀನಿ. ಆದ್ರೆ ಸಂತ್ಯಾಗೆ ಒಂದೊಂದು ಕುರಿ ಹಿಂದೆ ನಿಂತ್ಕಂಡು ಹೇಳಾಕೆ ಆಗ್ತದಾ? ಬರಾ ಸಂತಿಗೆ ಸಿದ್ದಪ್ಪಣ್ಣ ನಾಲ್ಕು ಟಗರು ಹೊಡ್ಕಂಡು ಬರ್ಬೇಕು. ಬಣ್ಣ ಇದ್ರೆ ಯಾರೂ ಕೇಳಲ್ಲ. ಮೊದ್ಲು ತೆಗೀರಿ."

ಸೀಮೆಎಣ್ಣೆ ತಂದು ತಿಕ್ಕಿದೆವು. ಟಿಕ್ ಅಳಿಯಲಿಲ್ಲ, ಹರಡಿತು. ನನ್ನ ಕೈ, ಮೇಷ್ಟ್ರ ಮೀಸೆ, ಕೆಂಚಮ್ಮತ್ತೆಯ ಸೆರಗು, ಎಲ್ಲವೂ ಮಾರಾಟವಾದವು.

ಸಂಜೆಯ ಬಸ್ಸಿಗೆ ನಮ್ಮತ್ತೆ ಬಂದಿಳಿದರು, ಸೊಂಟದ ಮೇಲೆ ನನ್ನ ಮಗಳು. ಸುದ್ದಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಜಗಳೂರು ತಲುಪಿ, ಅಲ್ಲಿ ಇನ್ನಷ್ಟು ಮೈ ತುಂಬಿಕೊಂಡಿತ್ತು.

"ನಿನ್ನ ಓದಿಗೆ ನನ್ನ ತಮ್ಮನ ಕುರಿ ಮಾರಿಸಿದ್ಯಂತಲ್ಲೇ! ಇಡೀ ಬಸ್‌ಸ್ಟ್ಯಾಂಡು ಮಾತಾಡ್ತೈತೆ! ಎಲ್ಲಿ ಮುಖ ಇಟ್ಕಂಡು ತಿರುಗ್ಲಿ ನಾನು?"

ಮುಖ ತೋರಿಸಲಾಗದವಳು ನಾನು. ನನ್ನ ಮುಖದ ಮೇಲೂ ಅರ್ಧ ಟಿಕ್ ಇತ್ತು. ನಿಜ ತಿಳಿದ ಮೇಲೆ ಅತ್ತೆ ತಲೆ ಚಚ್ಚಿಕೊಂಡರೇ ಹೊರತು ಇನ್ನೇನೂ ಅನ್ನಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. ಮಾವನೂ ಒಂದು ಮಾತು ಬೈಯಲಿಲ್ಲ. ಸುಮ್ಮನೆ ಕುರಿಗಳನ್ನು ನೋಡುತ್ತಾ ಕುಳಿತಿದ್ದರು. ಎಣಿಸುವುದಿಲ್ಲ ಎಂದು ಅವರ ಕಾಲು ಮುಟ್ಟಿ, ಹಿಂದಿನಿಂದ ಟಿಕ್ಕು ಎಣಿಸುವ ಉಪಾಯ ಮಾಡಿದವಳಲ್ಲವೇ ನಾನು? ನನಗೆ ನಿಜವಾಗಿಯೂ ನಾಚಿಕೆಯಾಯಿತು, ಅಳುವೂ ಬಂತು.

ಆದರೆ ಅಳುತ್ತಾ ಕೂರುವ ಜಾತಿ ನನ್ನದಲ್ಲ. "ಹಾಕಿದವಳು ನಾನು, ತೆಗೆಯುವವಳೂ ನಾನೇ. ಕತ್ತರಿ ಕೊಡಿ ಮಾವ" ಎಂದೆ.

ಬಣ್ಣ ಹಿಡಿದ ಉಣ್ಣೆಯನ್ನು ಕತ್ತರಿಸಿ ತೆಗೆಯುವುದೊಂದೇ ಉಳಿದಿದ್ದ ದಾರಿ. ಮರುದಿನ ಸಂಘಕ್ಕೂ ಶಾಲೆಗೂ ರಜೆ ಹಾಕಿ, ಮನೆಮಂದಿಯೆಲ್ಲ ರೊಪ್ಪದಲ್ಲಿ ಕುಳಿತೆವು. ಕುರಿ ಕತ್ತರಿ ಎಂದರೆ ಬಟ್ಟೆ ಕತ್ತರಿಯಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದವು. ಉಣ್ಣೆ ಹಾಳಾಗಬಾರದೆಂದು ನಾನು ಬಹಳ ಎಚ್ಚರದಿಂದ, ಬಣ್ಣ ಇದ್ದಷ್ಟೇ ಜಾಗವನ್ನು, ಗೆರೆ ತಪ್ಪದಂತೆ ಕತ್ತರಿಸಿದೆ. ಸಂಜೆ ಮಂದೆ ಹೊರಬಿಟ್ಟಾಗ ತಿಳಿಯಿತು: ಬಣ್ಣ ಹೋಗಿತ್ತು, ಟಿಕ್ ಉಳಿದಿತ್ತು! ಒಂದೊಂದು ಕುರಿಯ ಬೆನ್ನಿನ ಮೇಲೂ ಅಚ್ಚುಕಟ್ಟಾದ ಬೋಳು ಟಿಕ್.

ಊರಿನ ಶಾಲೆ ಮಕ್ಕಳು ದಾರಿಯಲ್ಲಿ ಕಂಡು ಕೂಗಿದರು. "ಪಾಸಾದ ಕುರಿ! ಪಾಸಾದ ಕುರಿ ನೋಡ್ರಲೇ!"

ಇನ್ನು ವರದಿ. ಎಲ್ಲವನ್ನೂ ಬರೆದೆ. ಮಂದೆಯ ಆರೋಗ್ಯ, ರೊಪ್ಪದ ಭದ್ರತೆ, ಟಗರಿನ ಸ್ವಭಾವ. ಮಾವ ಸಹಿಯನ್ನೂ ಹಾಕಿಕೊಟ್ಟರು. ಆದರೆ 'ಒಟ್ಟು ಸಂಖ್ಯೆ' ಎಂಬ ಕಡೆ ಬಂದಾಗ ನನ್ನ ಪೆನ್ನು ನಿಂತಿತು.

"ಯಾವುದಾದ್ರೂ ಒಂದು ಸಂಖ್ಯೆ ಹಾಕು. ನಿಮ್ಮ ಪ್ರೊಫೆಸರು ಬಿಳಿಚೋಡಿಗೆ ಬಂದು ಎಣಿಸ್ತಾರೇನು?" ಎಂದರು ಮೇಷ್ಟ್ರು.

"ಸುಳ್ಳು ಬರೆಯೋದಾದ್ರೆ ಎಂ.ಕಾಂ. ಯಾಕೆ ಓದಬೇಕ್ರೀ? ಸುಮ್ನೆ ಎಣ್ಣೆ ಮಿಲ್ಲು ಇಡ್ತಿದ್ದೆ!"

"ಹಂಗಾದ್ರೆ ಇನ್ನೊಂದ್ಸಲ ಹೋಗಿ ಎಣಿಸಿ ಬಾ. ಮಾವ ಮೇಯಿಸಾಕೆ ಹೋದಾಗ ದೂರದಿಂದ ಎಣಿಸಿದ್ರೆ ಯಾರಿಗೆ ಗೊತ್ತಾಗ್ತೈತೆ?"

ಆಗುವುದಿಲ್ಲ ಎಂದೆ. ಒಮ್ಮೆ ಮಾತು ಕೊಟ್ಟು ಮಾಡಿದ ಉಪಾಯವೇ ಸಾಕಾಗಿತ್ತು. ಆ ಜಾಗದಲ್ಲಿ, 'ಮಾಲೀಕರಿಗೆ ಕೊಟ್ಟ ಮಾತಿನಂತೆ ಎಣಿಸಿಲ್ಲ' ಎಂದು ಬರೆದು ಕಳಿಸಿದೆ. ಪ್ರೊಫೆಸರು ನನ್ನ ಪ್ರಾಮಾಣಿಕತೆ ಮೆಚ್ಚಿ ಸಹಿ ಹಾಕುತ್ತಾರೆ ಎಂದು ಒಳಗೊಳಗೇ ನಂಬಿದ್ದೆ. ಅವರು ಮುಂದಿನ ತರಗತಿಯಲ್ಲಿ ವರದಿಯನ್ನು ಗಟ್ಟಿಯಾಗಿ ಓದಿದರು. ತರಗತಿ ಬೆಂಚು ಕುಟ್ಟಿ ನಕ್ಕಿತು. ಪ್ರೊಫೆಸರು ಮಾತ್ರ ನಗಲಿಲ್ಲ.

"ಎಣಿಸದಿದ್ದರೆ ಅದು ದಾಸ್ತಾನು ಪರಿಶೀಲನೆ ಅಲ್ಲಮ್ಮ. ನೇರವಾಗಿ ಹೇಳಬೇಕೆಂದರೆ, ನೀವು ಕುರಿಗಳನ್ನು ಮಾತಾಡಿಸಿಕೊಂಡು ಬಂದಿದ್ದೀರಿ. ಮುಂದಿನ ವರ್ಷ ನೋಡೋಣ."

ಹಾಲ್ ಟಿಕೆಟ್ ಬರಲಿಲ್ಲ. ವರ್ಷ ಹೋಯಿತು. ಮನೆಗೆ ಬಂದು ಪುಸ್ತಕಗಳನ್ನು ಗಂಟು ಕಟ್ಟಿದೆ. ಷರತ್ತು ಷರತ್ತೇ. ಅತ್ತೆ ನೋಡುತ್ತಿದ್ದರು, ಕಟ್ಟಬೇಡ ಎನ್ನಲಿಲ್ಲ, ಕಟ್ಟು ಎಂದೂ ಅನ್ನಲಿಲ್ಲ. ಅಟ್ಟಕ್ಕೆ ಏಣಿ ಇಟ್ಟು ಹತ್ತುವ ಹೊತ್ತಿಗೆ ಸಿದ್ದಪ್ಪ ಮಾವ ಸಂತೆ ಮುಗಿಸಿ ಮನೆಗೆ ಬಂದರು. ಟಗರು ಮಾರಾಟವಾಗಿದ್ದವಂತೆ, ಮುಖ ಗೆಲುವಾಗಿತ್ತು. ಏಣಿಯ ಮೇಲೆ ನನ್ನನ್ನು ಕಂಡು ಏನೆಂದು ಕೇಳಿದರು. ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು.

ಮಾವ ಏಣಿಯ ಬುಡಕ್ಕೆ ಬಂದು ನಿಂತರು.

"ಬರೀ ಒಂದು ಸಂಖ್ಯೆ ಬರೆದಿದ್ರೆ ಆಗ್ತಿತ್ತಾ?"

"ಆಗ್ತಿತ್ತು ಮಾವ."

"ಬರೀಬೇಕಿತ್ತಲ್ಲವ್ವಾ ಹುಚ್ಚಿ!" ಎಂದು ಅತ್ತೆಯ ಕಡೆ ತಿರುಗಿದರು. "ಅಕ್ಕಾ, ನನಗೆ ಕೊಟ್ಟ ಮಾತಿಗೆ ಈ ಹುಡುಗಿ ವರ್ಷ ಕಳಕಂಡೈತೆ. ಇನ್ನೊಂದು ವರ್ಷ ಮಗೀನ ನೀನೇ ಎತ್ಕ. ನಿನ್ನ ಸೊಂಟಕ್ಕೆ ಎಣ್ಣೆ ನಾನು ಕಳಿಸ್ತೀನಿ."

ಅತ್ತೆ ಮೂಗು ಒರೆಸಿಕೊಂಡು, "ಏಣಿ ಇಳಿಯೇ, ಬಿದ್ದುಗಿದ್ದೀಯ" ಎಂದರು.

ಮರುವರ್ಷ ಮಾವನೇ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯನ್ನು ಹೊರಗೆ ಬಿಟ್ಟರು, ಮುಖ ಮಾತ್ರ ಅತ್ತ ತಿರುಗಿಸಿಕೊಂಡು. "ನೀನು ಎಣಿಸ್ಕ. ನನಗೆ ಹೇಳಬ್ಯಾಡ" ಎಂದರು. ನಾನು ಹುಣಸೆಬೀಜ ಹಾಕುತ್ತಾ ಎಣಿಸಿದೆ. ಎರಡು ಸಲ ಎಣಿಸಿದಾಗ ಎರಡು ಉತ್ತರ ಬಂತು. ಮೂರನೆಯ ಸಲ ಕುರಿಗಳಿಗೇ ಬೇಸರ ಬಂದು ನಿಧಾನವಾಗಿ ನಡೆದವು. ಆಗ ಲೆಕ್ಕ ಕೂಡಿತು. ಆ ಸಂಖ್ಯೆಯನ್ನು ಪ್ರೊಫೆಸರಿಗೆ ಮಾತ್ರ ಹೇಳಿದ್ದೇನೆ. ನಿಮಗೂ ಹೇಳುವುದಿಲ್ಲ.

ಸಹಿ ಬಿತ್ತು, ಹಾಲ್ ಟಿಕೆಟ್ ಬಂತು, ಎಂ.ಕಾಂ. ಪಾಸಾದೆ. ಆಡಿಟಿಂಗ್‌ನಲ್ಲಿ ಬಂದ ಅಂಕ ಪಾಸಿಗೆ ಬೇಕಾದಷ್ಟೇ, ಒಂದು ಕೂದಲೆಳೆ ಹೆಚ್ಚಿಲ್ಲ. ಆದರೂ ಜಗಳೂರಿನ ಬೀದಿಯಲ್ಲಿ ನನ್ನ ನಡಿಗೆ ಬದಲಾಯಿತು. ಆ ವಾರದ ಸಂತೆಗೆ ತರಕಾರಿ ತರಲು ಹೋದವಳು, ತಲೆ ಎತ್ತಿಕೊಂಡೇ ಕುರಿ ಸಂತೆಯ ಮಗ್ಗುಲಿಗೆ ಬಂದೆ. ಅಲ್ಲಿ ಮಾವ ನಾಲ್ಕು ಜನರನ್ನು ಕೂರಿಸಿಕೊಂಡು ನನ್ನ ವಿಷಯವನ್ನೇ ಹೇಳುತ್ತಿದ್ದರು. ನಾನು ನಿಂತು ಕಿವಿಗೊಟ್ಟೆ. ಹೊಗಳಿಕೆ ಯಾರಿಗೆ ಬೇಡ?

"ನಮ್ಮ ಸೊಸೆ ಎಂಕಾಮು ಪಾಸಾಗ್ಯಾಳೆ!"

"ಹೌದೇ? ಎಂಕಾಮಿನಾಗೆ ಏನು ಕಲಿಸ್ತಾರೆ ಸಿದ್ದಪ್ಪಣ್ಣ?" ಎಂದು ಒಬ್ಬ ಕೇಳಿದ.

ಮಾವ ಹೆಮ್ಮೆಯಿಂದ ಎದೆ ಉಬ್ಬಿಸಿದರು.

"ಕುರಿ ಎಣಿಸಾದು ಕಣಪ್ಪಾ. ಭಾಳ ಕಷ್ಟದ್ದು. ಮೊದಲನೇ ವರ್ಷ ಫೇಲಾಗಿದ್ಲು!"